ರೊಸಾಲ್ ರೇಡಿಯೋದ ಎರಡನೇ ಅಮಾಂಡಾ

ನಿಯೆವೆಸ್ ಅರ್ಸೋಲಾ ರೊಸಾಲ್ ರೇಡಿಯೋದಲ್ಲಿ ಕೆಲಸಕ್ಕೆ ಸೇರಿದ ದಿನವೇ ಅವಳ ಹೆಸರು ಅವಳ ಕೈಬಿಟ್ಟಿತು. ಅದಕ್ಕೆ ಮುಂಚೆ ಅವಳು ತೊರೆಯೋನ್ ಊರಿನ ಪೇಟೆಯ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಮೈಕಿನ ಮುಂದೆ ಕೂತು, ಅಮ್ಮನ ಕೈ ತಪ್ಪಿಸಿಕೊಂಡ ಮಕ್ಕಳ ಹೆಸರನ್ನೂ ರಿಯಾಯಿತಿಗೆ ಬಂದ ದಿಂಬಿನ ಕವರುಗಳ ಸುದ್ದಿಯನ್ನೂ ಒಂದೇ ದನಿಯಲ್ಲಿ ಕೂಗುತ್ತಿದ್ದಳು. ಕಾಲುಚೀಲ ಕೊಳ್ಳಲು ಬಂದಿದ್ದ ರೇಡಿಯೋ ನಿರ್ದೇಶಕ ಎವಾರಿಸ್ತೊ ತಲಮಾಸ್ ಆ ದನಿ ಕೇಳಿ, ಕಾಲುಚೀಲ ಮರೆತು ಮೇಲಿನ ಮಹಡಿಗೆ ಹತ್ತಿ ಬಂದ. ಬಂದವನು ಅವಳ ಹೆಸರನ್ನು ಕೇಳಲೇ ಇಲ್ಲ.

‘ನಮ್ಮ ಅಮಾಂಡಾ ಮದುವೆ ಮಾಡ್ಕೊಂಡು ಊರು ಬಿಡ್ತಿದ್ದಾಳೆ. ಸೋಮವಾರದಿಂದ ನೀವೇ ಅಮಾಂಡಾ’ ಅಂದ.

ಮೊದಲ ಅಮಾಂಡಾ ಹೋದದ್ದು, ಎರಡನೆಯವಳು ಬಂದದ್ದು ಊರಿಗೆ ಗೊತ್ತೇ ಆಗಲಿಲ್ಲ. ಶುಕ್ರವಾರದ ಅಮಾಂಡಾಳಿಗೆ ನೆಗಡಿಯಾಗಿತ್ತು, ಸೋಮವಾರಕ್ಕೆ ವಾಸಿಯಾಯಿತು ಎಂದುಕೊಂಡರು ಕೇಳುಗರು. ಅಮಾಂಡಾ ಎನ್ನುವುದು ಕಂಪನಿಯ ಸೊತ್ತು. ಅವಳಿಗೆ ಮೂವತ್ತು ದಾಟುವಂತಿಲ್ಲ. ಮದುವೆಯಾಗಿಲ್ಲ, ಆದರೆ ಯಾರಿಗೋ ಕಾಯುತ್ತಿದ್ದಾಳೆ. ಅವಳಿಗೆ ತಲೆನೋವು ಬರುವುದಿಲ್ಲ, ಅವಳ ಮನೆಯಲ್ಲಿ ಯಾರೂ ಸಾಯುವುದಿಲ್ಲ. ನಿಯೆವೆಸ್‌ಳ ತಾಯಿ ತೀರಿಕೊಂಡ ವಾರವೂ ಅಮಾಂಡಾ ಎಂದಿನಂತೆ ಬೆಳಗ್ಗೆ ಹತ್ತಕ್ಕೆ ಬಂದು, ‘ಎಂಥ ಚಂದದ ಬೆಳಗು, ಕಣ್ಣಿಗೆ ಬೇಕಾದವರು ಪಕ್ಕದಲ್ಲಿದ್ದರೆ ಇನ್ನೂ ಚಂದ’ ಎಂದಿದ್ದಳು.

ಹೀಗೆ ವರ್ಷಗಳು ಹೋದವು. ನಿಯೆವೆಸ್‌ಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳು ಬೆಳೆದು ಬೇರೆ ಊರಿಗೆ ಓದಲು ಹೋದಳು. ಗಂಡ ಫೆರ್ಮಿನ್ ಏರ್ ಕೂಲರ್ ರಿಪೇರಿಯವನು. ಮರಳುಗಾಡಿನ ಊರದು, ಪ್ರತಿ ಮನೆಯ ತಾರಸಿಯ ಮೇಲೂ ಒಂದೊಂದು ಕೂಲರ್ ಗೊರಗೊರ ಎನ್ನುತ್ತಿರುತ್ತದೆ, ಹಾಗಾಗಿ ಅವನಿಗೆ ಬೇಸಿಗೆಯಿಡೀ ಕೈತುಂಬ ಕೆಲಸ. ಅವನು ಯಾವ ತಾರಸಿ ಹತ್ತಿದರೂ ಕೆಳಗಿನ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸುತ್ತಿತ್ತು. ಅವನದೊಂದು ಖಾಯಂ ಜೋಕು: ‘ಊರಿಗೆಲ್ಲ ಮುದ್ದು ಮಾಡೋ ಅಮಾಂಡಾನ ಕೊಟ್ರು, ನಂಗೆ ಮಾತ್ರ ಬೈಯೋ ನಿಯೆವೆಸ್‌ನ ಕಟ್ಟಿದ್ರು.’

ರೊಸಾಲ್ ಇದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ಉದ್ದನೆಯ ಒಂದು ಕಾರಿಡಾರ್. ಅದಕ್ಕೆ ಸಾಲಾಗಿ ಮೂರು ಗಾಜಿನ ಕೋಣೆ, ಮೂರು ರೇಡಿಯೋ, ಒಡೆಯ ಮಾತ್ರ ಒಬ್ಬನೇ. ಮೊದಲನೆಯದರಲ್ಲಿ ಹದಿಹರೆಯದವರ ಪಾಪ್ ಹಾಡು. ಕೊನೆಯದರಲ್ಲಿ ಅಕಾರ್ಡಿಯನ್, ಡೋಲು, ಲಾರಿ ಡ್ರೈವರುಗಳು ಹಾರ್ನ್ ಹೊಡೆದುಕೊಂಡು ಕೇಳುವ ಕುಣಿತದ ಹಾಡು. ನಡುವಿನದು ರೊಸಾಲ್. ಹಗುರ ಪಾಪ್, ನಿಧಾನದ ಪ್ರೇಮಗೀತೆ. ಮೊದಲ ಕೋಣೆಯಲ್ಲಿ ಹಾಡಿ ಹಾಡಿ ಹಳತಾದ ಹಾಡು ಒಂದಷ್ಟು ವರ್ಷ ಎಲ್ಲೂ ಕೇಳಿಸದೆ ಮೂಲೆಗೆ ಬಿದ್ದಿದ್ದು, ಆಮೇಲೆ ಒಂದು ದಿನ ಗಂಭೀರವಾಗಿ ರೊಸಾಲ್‌ಗೆ ಬರುತ್ತಿತ್ತು, ಮದುವೆಯಾಗಿ ಗಂಡನ ಮನೆಗೆ ಬಂದ ಹುಡುಗಿಯ ಹಾಗೆ. ಆದರೆ ಕೊನೆಯ ಕೋಣೆಯ ಹಾಡು ಮಾತ್ರ ನಡುವಿನ ಕೋಣೆಯ ಹೊಸ್ತಿಲು ತುಳಿಯುವಂತಿರಲಿಲ್ಲ.

ಈ ಅಲಿಖಿತ ರೂಢಿಯನ್ನೆಲ್ಲ ಶಾಸ್ತ್ರ ಮಾಡಿ ಕೊಟ್ಟವಳು ಮೊಂತೆರ್ರೇ ನಗರದಿಂದ ಬಂದ ಇವೋನ್ ಕಂತೂ. ರೊಸಾಲ್‌ನ ಹಳೆಯ ಒಡೆಯ ಮೂರು ರೇಡಿಯೋವನ್ನೂ ದೊಡ್ಡ ಕಂಪನಿಯೊಂದಕ್ಕೆ ಮಾರಿದ ವರ್ಷ ಅವಳು ಬಂದಳು. ರೇಡಿಯೋ ಕೇಂದ್ರಗಳಿಗೆ ನೀವು ಯಾರು ಎಂದು ಹೇಳಿಕೊಡುವುದೇ ಅವಳ ಉದ್ಯೋಗ. ಮಾತು ಮೃದು, ಕೈಯಲ್ಲಿ ಸದಾ ನಿಂಬೆ ಹಿಂಡಿದ ಸೋಡಾ.

ಒಂದು ಹೋಟೆಲಿನ ಸಭಾಂಗಣದಲ್ಲಿ ಅವಳು ಊರಿನ ಹೆಂಗಸರನ್ನು ಕೂರಿಸಿ, ಒಬ್ಬೊಬ್ಬರ ಕೈಗೂ ಒಂದು ಪುಟ್ಟ ತಿರುಗುಗುಂಡಿ ಕೊಟ್ಟಳು. ಹಾಡಿನ ಒಂದೊಂದು ತುಣುಕನ್ನು ಕೇಳಿಸುವುದು, ಇಷ್ಟವಾದರೆ ಗುಂಡಿಯನ್ನು ಬಲಕ್ಕೆ ತಿರುಗಿಸುವುದು, ಬೇಸರವಾದರೆ ಎಡಕ್ಕೆ. ನಿಯೆವೆಸ್ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತು ನೋಡಿದಳು. ತಾನು ಪ್ರಾಣ ಬಿಡುವ ಹಾಡು ಬಂದಾಗ ಮುಂದಿನ ಸಾಲಿನ ಕೈಗಳು ಒಂದಾದ ಮೇಲೊಂದು ಎಡಕ್ಕೆ ತಿರುಗಿದವು. ಬಿಟ್ಟುಹೋದವನಿಗೆ ಶಾಪ ಹಾಕುವ ಹಾಡದು. ಗಂಡನನ್ನು ತೊರೆದು ಹೊರಡುವ ಹೆಂಗಸಿನ ಹಾಡಿಗೂ ಅದೇ ಗತಿ. ಕಾಯುವವಳ ಹಾಡು, ಕ್ಷಮಿಸುವವಳ ಹಾಡು, ಹಿಂದಿನದನ್ನು ನೆನೆದು ನಿಟ್ಟುಸಿರು ಬಿಡುವವಳ ಹಾಡು, ಇವು ಮಾತ್ರ ಬಲಕ್ಕೆ.

ಮಾರನೆಯ ದಿನ ಇವೋನ್ ಎಲ್ಲರನ್ನೂ ಕೂರಿಸಿ ರೊಸಾಲ್ ಅಂದರೆ ಏನೆಂದು ವಿವರಿಸಿದಳು. ಗೋಡೆಯ ಮೇಲೆ ಒಬ್ಬ ಹೆಂಗಸಿನ ಚಿತ್ರ ಬಿತ್ತು. ಅವಳ ಹೆಸರು ಲೇತಿ. ಅಂಥವಳು ಯಾರೂ ಇಲ್ಲ, ಆದರೆ ಇನ್ನು ಮೇಲೆ ರೊಸಾಲ್ ಮಾತಾಡುವುದು ಅವಳೊಬ್ಬಳ ಜೊತೆ. ಲೇತಿಗೆ ನಲವತ್ತರ ಹತ್ತಿರ, ಗಂಡ ಇದ್ದಾನೆ, ಮಕ್ಕಳಿದ್ದಾರೆ, ಬೆಳಗಿನ ಕೆಲಸ ಮುಗಿಸಿ ಇಸ್ತ್ರಿಗೆ ನಿಲ್ಲುತ್ತಾಳೆ. ಆ ಹೊತ್ತಿಗೆ ಅವಳಿಗೆ ತನ್ನ ಮನೆ, ಊರು, ಲೆಕ್ಕಾಚಾರ ಎಲ್ಲವೂ ಮರೆಯಬೇಕು.

‘ನಾವು ಏನು ಹಾಕ್ತೀವಿ ಅನ್ನೋದ್ರಿಂದ ರೊಸಾಲ್ ರೊಸಾಲ್ ಆಗಲ್ಲ’ ಅಂದಳು ಇವೋನ್. ‘ಏನು ಹಾಕಲ್ಲ ಅನ್ನೋದ್ರಿಂದ ಆಗುತ್ತೆ. ಅಕಾರ್ಡಿಯನ್ ಇಲ್ಲ, ತುತ್ತೂರಿ ಇಲ್ಲ, ಅಳು ಇಲ್ಲ, ಸುದ್ದಿ ಇಲ್ಲ, ಬೀದಿ ಹೆಸರಿಲ್ಲ. ಅಮಾಂಡಾ ಮಾತಾಡೋದು ಹಾಡಿನ ಮುಂಚಿನ ವಾದ್ಯದ ಮೇಲೆ ಮಾತ್ರ, ಹಾಡೋರು ಬಾಯಿ ತೆಗೆಯೋ ಹೊತ್ತಿಗೆ ಮುಗಿದಿರಬೇಕು. ಮತ್ತೆ ಮಾತಲ್ಲಿ ನಗು ಇರಬೇಕು. ತುಟಿ ನಕ್ಕರೆ ದನಿ ತಾನೇ ನಗುತ್ತೆ.’

ನಿಯೆವೆಸ್‌ಗೆ ಇದರಿಂದ ಕೋಪವೇನೂ ಬರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಇವೋನ್ ಮೇಲೆ ಗೌರವವೇ ಮೂಡಿತು. ತಾನು ಇಷ್ಟು ವರ್ಷ ಕತ್ತಲಲ್ಲಿ ತಡಕಾಡಿ ಮಾಡುತ್ತಿದ್ದುದಕ್ಕೆ ಅವಳು ದೀಪ ಹಿಡಿದಿದ್ದಳು. ತುಟಿ ನಗಿಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಆಮೇಲಾಮೇಲೆ ಮೈಕು ತೆರೆದದ್ದನ್ನು ತೋರಿಸುವ ಕೆಂಪು ದೀಪ ಹತ್ತಿದರೆ ಸಾಕು, ಮುಖ ತನ್ನಷ್ಟಕ್ಕೇ ನಗುತ್ತಿತ್ತು. ಹಲ್ಲುನೋವಿದ್ದರೂ ನಗುತ್ತಿತ್ತು.

ಆಮೇಲೆ ಊರಿಗೆ ಕೆಟ್ಟ ಕಾಲ ಬಂತು. ಬಂದೂಕು ಹಿಡಿದ ಎರಡು ಗುಂಪುಗಳು ಊರು ತಮ್ಮದೆಂದು ಕಾದಾಡತೊಡಗಿದವು. ಒಣಗಿ ಬಿದ್ದ ನಾಸಾಸ್ ನದಿಯ ಆಚೆ ಒಂದು, ಈಚೆ ಒಂದು. ಹಗಲು ಹೊತ್ತಿನಲ್ಲೇ ಕಾರುಗಳು ಬೀದಿಗೆ ಅಡ್ಡ ನಿಲ್ಲುತ್ತಿದ್ದವು, ಗುಂಡು ಹಾರುತ್ತಿದ್ದವು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದು, ಅಂಗಡಿಯವನು ಹೊರಬಂದು ಗಾಜು ಗುಡಿಸುತ್ತಿದ್ದ. ಸಂಜೆಯಾಗುತ್ತಲೇ ಊರು ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ತಾರಸಿ ಹತ್ತುವ ಫೆರ್ಮಿನ್‌ಗೆ ಈಗ ಬೇರೆಯ ಭಯ: ಎತ್ತರದಲ್ಲಿ ನಿಂತವನನ್ನು ಈ ಗುಂಪು ಆ ಗುಂಪಿನ ಕಾವಲಿನವನೆಂದುಕೊಳ್ಳಬಹುದು. ಅವನು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ಹೊಲಿಸಿಕೊಂಡು, ಬೆನ್ನಿಗೆ ‘ಕೂಲರ್’ ಎಂದು ದೊಡ್ಡದಾಗಿ ಬರೆಸಿಕೊಂಡ.

ಸುದ್ದಿ ಹೇಳುವವರಿಗೆ ಒಬ್ಬರಾದ ಮೇಲೊಬ್ಬರಿಗೆ ಬೆದರಿಕೆಯ ಕರೆಗಳು ಬಂದವು. ಊರಿನ ರೇಡಿಯೋಗಳೆಲ್ಲ ಹವಾಮಾನ ಮಾತ್ರ ಓದತೊಡಗಿದವು. ಕೊನೆಯ ಕೋಣೆಯ ಅಕಾರ್ಡಿಯನ್ ರೇಡಿಯೋದಲ್ಲಿ ಬಂದೂಕಿನವರನ್ನು ಹೊಗಳುವ ಹಾಡುಗಳಿದ್ದವು. ಯಾವುದನ್ನು ಹಾಕಿದರೆ ಯಾರಿಗೆ ಸಿಟ್ಟು ಬರುತ್ತದೋ ತಿಳಿಯದೆ ಅಲ್ಲಿನ ನಿರೂಪಕ ರಾಜೀನಾಮೆ ಕೊಟ್ಟು ಅಣ್ಣನ ಊರಿಗೆ ಹೊರಟುಹೋದ. ತಲಮಾಸ್ ಮಾತ್ರ ರೊಸಾಲ್ ವಿಷಯದಲ್ಲಿ ನಿರಾಳನಾಗಿದ್ದ. ಹೆಂಗಸರನ್ನು ಇಸ್ತ್ರಿಯ ಮುಂದೆ ಹಿಡಿದು ನಿಲ್ಲಿಸಲೆಂದು ಇವೋನ್ ಕಟ್ಟಿದ ಬೇಲಿ ಈಗ ಅವನಿಗೆ ಕೋಟೆಯಾಗಿ ಒದಗಿತು. ಸುದ್ದಿ ಇಲ್ಲ, ಬೀದಿ ಹೆಸರಿಲ್ಲ. ನಾವು ಪ್ರೇಮದ ಹಾಡಿನವರು, ನಮ್ಮನ್ನು ಯಾರು ಏನು ಮಾಡುತ್ತಾರೆ ಎನ್ನುತ್ತಿದ್ದ.

ಆದರೆ ಕೇಳುಗರು ಸುಮ್ಮನಿರಲಿಲ್ಲ. ಮೊದಲೆಲ್ಲ ಹಾಡು ಕೇಳಲು ಫೋನ್ ಮಾಡುತ್ತಿದ್ದ ಹೆಂಗಸರು ಈಗ ಬೇರೆಯದೇ ಕೇಳತೊಡಗಿದರು. ಸೇತುವೆ ದಾಟಬಹುದಾ, ಮಾರುಕಟ್ಟೆ ಕಡೆ ಹೇಗಿದೆ, ನನ್ನ ಮಗ ಬಸ್ಸಿನಲ್ಲಿ ಬರುತ್ತಿದ್ದಾನೆ. ಅವರಿಗೆ ಕೇಳಲು ಬೇರೆ ಯಾರೂ ಇರಲಿಲ್ಲ. ಊರಲ್ಲಿ ಫೋನ್ ಎತ್ತಿ ಇಂಪಾಗಿ ಉತ್ತರಿಸುವವಳು ಅಮಾಂಡಾ ಒಬ್ಬಳೇ. ಮೊದಮೊದಲು ನಿಯೆವೆಸ್ ತನಗೆ ಗೊತ್ತಿಲ್ಲ ಎನ್ನುತ್ತಿದ್ದಳು. ಆಮೇಲೆ, ಹಾಡು ನಡೆಯುತ್ತಿರುವಾಗ, ಮೈಕು ಮುಚ್ಚಿರುವಾಗ, ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳಿಗೆ ದಾಟಿಸತೊಡಗಿದಳು. ಸೇತುವೆಯ ಮೇಲೆ ಸೈನಿಕರ ಲಾರಿ ನಿಂತಿದೆಯಂತೆ, ಸುತ್ತುಬಳಸಿ ಬನ್ನಿ. ರೇಡಿಯೋದಲ್ಲಿ ಯಾರೋ ಬೆಳದಿಂಗಳನ್ನು ನೆನೆದು ನರಳುತ್ತಿರುವಾಗ ಅದರ ಕೆಳಗೆ ಈ ವ್ಯವಹಾರ ನಡೆಯುತ್ತಿತ್ತು. ಹಾಡು ಮುಗಿದು ಕೆಂಪು ದೀಪ ಹತ್ತಿದಾಗ ಮುಖ ಮತ್ತೆ ತನ್ನಷ್ಟಕ್ಕೇ ನಗುತ್ತಿತ್ತು. ತಲಮಾಸ್‌ಗೆ ಇದು ಗೊತ್ತಿತ್ತು, ಗೊತ್ತಿಲ್ಲದವನ ಹಾಗಿದ್ದ.

ಹೀಗೆ ಫೋನ್ ಮಾಡುವವರಲ್ಲಿ ಎಲ್ಲರೂ ದೋನ್ಯಾ, ಅಂದರೆ ಅಮ್ಮಾವ್ರೇ, ಎಂದು ಗೌರವದಿಂದ ಕರೆಯುವ ಫೀನಾ ಎಂಬ ಹಿರಿಯ ಹೆಂಗಸೊಬ್ಬಳಿದ್ದಳು. ಗಣಿಗಾರರ ಬೀದಿಯಲ್ಲಿ ಅವಳದೊಂದು ಹೆಂಗಸರ ಸಲೂನು. ಕೇಂದ್ರಕ್ಕೆ ಹತ್ತಿರವೇ, ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅಮಾಂಡಾ ಕೇಳುಗರ ಕಣ್ಣಿಗೆ ಬೀಳಬಾರದೆಂಬುದು ಕಂಪನಿಯ ಕಟ್ಟುನಿಟ್ಟು. ಫೀನಾ ವರ್ಷಗಟ್ಟಲೆ ಫೋನ್ ಮಾಡಿದ್ದಳು, ತನ್ನ ಗಿರಾಕಿಗಳ ಕೂದಲಿನಿಂದ ಹಿಡಿದು ಅವರ ಗಂಡಂದಿರ ತನಕ ಎಲ್ಲ ವರದಿ ಒಪ್ಪಿಸಿದ್ದಳು. ಅಮಾಂಡಾಳನ್ನು ಮಗಳೇ ಎಂದು ಕರೆಯುತ್ತಿದ್ದಳು.

ಅದೊಂದು ಮಂಗಳವಾರ ಮಧ್ಯಾಹ್ನ ಅವಳ ಕರೆ ಬಂದಾಗ ದನಿ ನೆಲದಿಂದ ಎದ್ದು ಬಂದ ಹಾಗಿತ್ತು. ನಿಜಕ್ಕೂ ನೆಲದಲ್ಲೇ ಮಲಗಿದ್ದಳು. ಬೀದಿಯ ಎರಡೂ ತುದಿಗೆ ಕಾರು ಅಡ್ಡ ನಿಲ್ಲಿಸಿದ್ದಾರೆ, ಒಂದು ಸುತ್ತು ಗುಂಡು ಹಾರಿದೆ, ಈಗ ಸುಮ್ಮನಾಗಿದ್ದಾರೆ, ಆದರೆ ಹೋಗಿಲ್ಲ, ಯಾರಿಗೋ ಕಾಯುತ್ತಿದ್ದಾರೆ. ಸಲೂನಿನಲ್ಲಿದ್ದವರು ತಲೆಗೆ ಬಣ್ಣ ಹಚ್ಚಿಕೊಂಡವರು ಹಚ್ಚಿಕೊಂಡ ಹಾಗೇ ಬೇಸಿನ್ನಿನ ಹಿಂದೆ ಮುದುಡಿ ಕೂತಿದ್ದಾರೆ. ಪೊಲೀಸರಿಗೆ ಫೋನ್ ಹೋಗುತ್ತದೆ, ಯಾರೂ ಎತ್ತುವುದಿಲ್ಲ. ಇಷ್ಟನ್ನೂ ಫೀನಾ ಪಿಸುಗುಟ್ಟಿದಳು.

‘ನಮ್ದು ಬಿಡು ಮಗಳೇ, ನಾವು ಮುದುಕೀರು. ಇನ್ನೇನು ಸ್ಕೂಲು ಬಿಡುತ್ತೆ. ಮಕ್ಕಳು ಇದೇ ಬೀದೀಲಿ ಇಳಿದು ಬರ್ತಾವೆ, ಐಸ್ ತಿನ್ಕೊಂಡು. ಅಮ್ಮಂದಿರು ಕರ್ಕೊಂಡು ಹೋಗೋಕೆ ಹೊರಟಿರ್ತಾರೆ. ಅವ್ರೆಲ್ಲ ನಿನ್ನೇ ಕೇಳ್ತಿರ್ತಾರೆ. ಸ್ಕೂಲಿನ ಗೇಟಿನ ಹತ್ರ ತಿಂಡಿ ಮಾರೋವ್ಳೂ ನಿನ್ನೇ ಹಾಕಿರ್ತಾಳೆ. ರೇಡಿಯೋದಲ್ಲಿ ಹೇಳು.’

ಹಾಗೆ ಹೇಳಲು ನನಗೆ ಆಗುವುದಿಲ್ಲ, ದೋನ್ಯಾ ಫೀನಾ, ಎಂದಳು ನಿಯೆವೆಸ್. ಆಮೇಲೆ ಫೀನಾ ಬೇಡುವ ದನಿಯಲ್ಲಲ್ಲ, ಸಾಮಾನ್ಯವಾಗಿ, ಗಿರಾಕಿಗೆ ಕೂದಲಿನ ವಿಷಯ ಹೇಳುವ ಹಾಗೆ ಹೇಳಿದಳು:

‘ಆಗಲ್ಲ ಅಂದ್ರೆ ಆಯ್ತು. ಹಾಡು ಹಾಕು. ಶಬ್ದ ಆದ್ರೂ ಕೇಳದ ಹಾಗಿರ್ಲಿ.’

ನಿಯೆವೆಸ್ ಎದ್ದು ಗಾಜಿನ ಬಾಗಿಲು ತೆರೆದಳು. ತಲಮಾಸ್ ಕಾರಿಡಾರಿನಲ್ಲೇ ನಿಂತಿದ್ದ; ಗುಂಡಿನ ಸದ್ದು ಅವನಿಗೂ ಕೇಳಿತ್ತು. ಅವಳು ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿ ಅವನು ಮೆಟ್ಟಿಲಿನ ಕಡೆ ತಿರುಗಿ ನೋಡಿದ. ಅವನು ಕೆಟ್ಟವನಲ್ಲ. ಅವನ ಮೊಮ್ಮಕ್ಕಳೂ ಇದೇ ಊರಿನ ಸ್ಕೂಲಿಗೆ ಹೋಗುತ್ತಿದ್ದವು.

‘ಬೀದಿ ಹೆಸರು ನಿನ್ನ ಬಾಯಲ್ಲಿ ಬಂತು ಅಂದ್ರೆ, ನಾವು ಅವ್ರನ್ನ ನೋಡ್ತಿದೀವಿ ಅಂತ ಅವ್ರಿಗೆ ಗೊತ್ತಾಗುತ್ತೆ’ ಅಂದ. ‘ಕೆಳಗಡೆ ಬಾಗಿಲಿಗೆ ಒಬ್ಬನೇ ಕಾವಲಿನವ್ನು, ಅವ್ನಿಗೂ ಸಕ್ಕರೆ ಕಾಯಿಲೆ. ನಮ್ಗೆ ಇರೋದು ಒಂದೇ ಮೆಟ್ಟಿಲ ದಾರಿ, ನಿಯೆವೆಸ್. ಅವ್ರು ಹತ್ತಿ ಬಂದ್ರೆ ನಾವು ಎಲ್ಲಿಂದ ಇಳೀತೀವಿ?’

ಎಷ್ಟೋ ವರ್ಷಗಳ ಮೇಲೆ ಅವನು ಅವಳನ್ನು ಅವಳ ಹೆಸರಿನಿಂದ ಕರೆದಿದ್ದ. ಹೌದು, ಹಿಂದೆ ಬಾಗಿಲಿಲ್ಲ, ಇರುವ ಕಿಟಕಿಗೆ ಸದ್ದು ಒಳಬರದಂತೆ ಇಟ್ಟಿಗೆ ಕಟ್ಟಿಸಿದ್ದರು. ಫೆರ್ಮಿನ್ ಆ ಹೊತ್ತಿಗೆ ಯಾವ ತಾರಸಿಯ ಮೇಲಿದ್ದಾನೋ ಅವಳಿಗೆ ತಿಳಿಯದು. ಹಾಡು ಕೊನೆಯ ಚರಣಕ್ಕೆ ಬಂದಿತ್ತು. ತಲಮಾಸ್ ಬೇಡವೆಂದು ತಲೆಯಾಡಿಸುತ್ತ ನಿಂತ, ಆದರೆ ಬಾಗಿಲಿಗೆ ಅಡ್ಡ ಬರಲಿಲ್ಲ. ಅವಳು ಒಳಗೆ ಹೋಗಿ ಕೂತಳು.

ಮುಂದಿನ ಹಾಡಿನ ಪಿಯಾನೋ ಶುರುವಾಯಿತು, ದೀಪ ಹತ್ತಿತು. ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಗಣಿಗಾರರ ಬೀದಿಗೆ ಯಾರೂ ಬರಬೇಡಿ. ಸ್ಕೂಲಿನವರು ಗೇಟು ತೆರೆಯಬೇಡಿ, ಮಕ್ಕಳನ್ನು ಹಿಂದಿನ ಕೋಣೆಗಳಲ್ಲಿ ನೆಲದ ಮೇಲೆ ಕೂರಿಸಿಕೊಳ್ಳಿ. ಅಮ್ಮಂದಿರೇ, ಇರುವಲ್ಲೇ ಇರಿ. ತಿಂಡಿ ಮಾರುವ ಅಕ್ಕ, ಕೇಳಿಸುತ್ತಿದ್ದರೆ ಒಳಗೆ ಹೋಗಿ ಹೆಡ್ಮಾಸ್ಟರಿಗೆ ಹೇಳಿ. ಪಿಯಾನೋ ಮುಗಿದು ಹಾಡುವವನು ಬಾಯಿ ತೆರೆದ. ಅವಳು ಅವನ ದನಿಯನ್ನು ಇಳಿಸಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.

ಆಮೇಲೆ ಎಷ್ಟೋ ಕಾಲ ಅವಳನ್ನು ಕಾಡಿದ್ದು ಹೇಳಿದ ಮಾತಲ್ಲ, ಹೇಳಿದ ರೀತಿ. ಅವಳು ಅಷ್ಟನ್ನೂ ನಗುವ ದನಿಯಲ್ಲೇ ಹೇಳಿದ್ದಳು. ಅಂಗಿಯ ಬೆನ್ನು ಒದ್ದೆಯಾಗಿತ್ತು, ಆದರೆ ದೀಪ ಹತ್ತಿದ್ದೇ ತಡ ತುಟಿ ಅರಳಿಬಿಟ್ಟಿತ್ತು. ಅದನ್ನು ಮುಖದಿಂದ ಕೀಳಲು ಅವಳು ಮಾತಿನ ನಡುವೆ ಪ್ರಯತ್ನಪಟ್ಟಳು, ಆಗಲಿಲ್ಲ.

ಗೇಟು ತೆರೆಯಲಿಲ್ಲ. ತಿಂಡಿಯವಳು ಎಣ್ಣೆಯ ಬಾಣಲೆ ಅಲ್ಲೇ ಬಿಟ್ಟು ಒಳಗೆ ಓಡಿದ್ದಳಂತೆ. ಸ್ವಲ್ಪ ಹೊತ್ತಿಗೆ ಗಣಿಗಾರರ ಬೀದಿಯಲ್ಲಿ ಎರಡನೇ ಸುತ್ತು ಗುಂಡು ಹಾರಿತು. ಅಷ್ಟು ಉದ್ದನೆಯ ಸದ್ದನ್ನು ಊರು ಅದಕ್ಕೆ ಮೊದಲು ಕೇಳಿರಲಿಲ್ಲ. ಸತ್ತವರೆಲ್ಲ ದೊಡ್ಡವರು. ಮಕ್ಕಳು ಸಂಜೆಯ ಹೊತ್ತಿಗೆ ಮನೆ ಸೇರಿದರು.

ಅವಳ ಪಾಳಿ ಮುಗಿಯುವ ಮುಂಚೆ ಒಂದು ಕರೆ ಬಂತು. ಗಂಡಸಿನ ದನಿ, ತುಂಬ ಮರ್ಯಾದೆಯದು.

‘ಅಮಾಂಡಾ ಅವ್ರಾ? ನಮ್ಮಮ್ಮ ದಿನಾ ನಿಮ್ಮನ್ನೇ ಕೇಳೋದು. ನೀವು ಮಾತಾಡಿದ್ರೆ ಮನೇಲಿ ಒಂದು ಹೆಣ್ಣುಮಗಳು ಇದ್ದಂಗೆ ಅಂತಾರೆ.’

ಅವಳು ಥ್ಯಾಂಕ್ಸ್ ಎಂದಳು.

‘ಇವತ್ತು ಹೇಳಿದ್ರಲ್ಲ, ಅಂಥದ್ದು ನಿಮ್ಮ ದನಿಗೆ ಒಪ್ಪಲ್ಲ. ಹಾಡೇ ಚಂದ. ನಿಮ್ಮ ನಿಜವಾದ ಹೆಸರೇನು?’

‘ಅಮಾಂಡಾ’ ಅಂದಳು ನಿಯೆವೆಸ್.

‘ಅದು ರೇಡಿಯೋ ಹೆಸರು.’

‘ಅದೇ ನನ್ನ ಹೆಸರು.’

ಆ ಮನುಷ್ಯ ಸಣ್ಣಗೆ ನಕ್ಕ. ಆಯ್ತು ಅಮಾಂಡಾ, ದನಿ ಎಲ್ಲೇ ಕೇಳಿದ್ರೂ ನಾನು ಗುರುತು ಹಿಡೀತೀನಿ ಬಿಡಿ ಎಂದು, ಅಮ್ಮನಿಗಾಗಿ ಒಂದು ಹಾಡು ಹಾಕಲು ಹೇಳಿ ಫೋನ್ ಇಟ್ಟ. ಅವಳು ಆ ಹಾಡನ್ನು ಹಾಕಿದಳು. ರೊಸಾಲ್‌ನ ಲೆಕ್ಕಕ್ಕೆ ಸರಿಯಾಗಿ ಕೂರುವ ಹಾಡೇ ಆಗಿತ್ತು ಅದು.

ಮರುದಿನದಿಂದ ಅವಳನ್ನು ಕಟ್ಟಡಕ್ಕೆ ಬರಬೇಡವೆಂದರು. ಮೊಂತೆರ್ರೇಯಿಂದ ಇವೋನ್ ತಾನೇ ಫೋನ್ ಮಾಡಿ, ನಿನ್ನ ಕ್ಷೇಮಕ್ಕಾಗಿಯೇ ಇದು ಎಂದಳು. ಇನ್ನು ಮೇಲೆ ಯಾವ ಕೋಣೆಯಲ್ಲೂ ನೇರವಾಗಿ ಮಾತಾಡುವವರಿರುವುದಿಲ್ಲ, ಎಲ್ಲ ಮೊದಲೇ ರೆಕಾರ್ಡ್ ಮಾಡಿಕೊಂಡು ಮೊಂತೆರ್ರೇಯಿಂದಲೇ ಬಿತ್ತರಿಸುವುದು. ನಿಯೆವೆಸ್‌ಳನ್ನು ಬಸ್ಸಿನಲ್ಲಿ ಕರೆಸಿಕೊಂಡು, ಒಂದು ಕೋಣೆಯಲ್ಲಿ ಕೂರಿಸಿ, ಬಿಸಿಲಿಗೆ ಒಂದು, ಧೂಳುಗಾಳಿಗೆ ಒಂದು, ತಾಯಂದಿರ ದಿನಕ್ಕೆ ಒಂದು, ಕ್ರಿಸ್ಮಸ್ಸಿಗೆ ಒಂದು ಎಂದು ವರ್ಷಗಳಿಗಾಗುವಷ್ಟು ಮಾತನ್ನು ಅವಳ ಬಾಯಿಂದ ತೆಗೆದುಕೊಂಡರು. ‘ಎಂಥ ಚಂದದ ಮಧ್ಯಾಹ್ನ’ ಎಂಬುದನ್ನು ಬೇರೆಬೇರೆ ಉಸಿರಿನಲ್ಲಿ ಹೇಳಿಸಿದರು. ಆಮೇಲೆ ಸಂಬಳ ತಿಂಗಳು ತಿಂಗಳು ಮನೆಗೇ ಬರತೊಡಗಿತು, ಮಾತಾಡಿದ್ದಕ್ಕಲ್ಲ, ಬೇರೆಲ್ಲೂ ಮಾತಾಡದೆ ಇರುವುದಕ್ಕೆ.

ಅಮಾಂಡಾ ಮಾತ್ರ ಗಾಳಿಯಲ್ಲಿ ಎಂದಿನಂತೆ ಇದ್ದಳು. ಊರಿಗೆ ಊರೇ ಕರ್ಫ್ಯೂ ಹಾಕಿಕೊಂಡ ದಿನವೂ ಅವಳು ಚಂದದ ಮಧ್ಯಾಹ್ನವೆಂದಳು. ಫೆರ್ಮಿನ್ ರೇಡಿಯೋ ಆರಿಸಲು ಕೈ ಚಾಚಿದರೆ, ನಿಯೆವೆಸ್ ಬೇಡವೆಂದು ಸನ್ನೆ ಮಾಡುತ್ತಿದ್ದಳು. ಆ ಅಮಾಂಡಾ ಏನು ಹೇಳುತ್ತಾಳೋ ತಾನು ಕೇಳಿಕೊಂಡಿರಬೇಕು ಎನಿಸುತ್ತಿತ್ತು ಅವಳಿಗೆ.

ಸನ್ನೆ ಎಂದೆ. ಅದೇ ದೊಡ್ಡ ಕಷ್ಟವಾದದ್ದು. ಒಮ್ಮೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಅವಳು ಬಾಯಿ ತೆಗೆದದ್ದೇ ತಡ, ಮುಂದೆ ನಿಂತವರು ಮೂರ್ನಾಲ್ಕು ಮಂದಿ ಒಟ್ಟಿಗೆ ತಿರುಗಿ ನೋಡಿದರು. ಒಬ್ಬಳು, ಅಯ್ಯೋ ಥೇಟ್ ಅಮಾಂಡಾ ಅಲ್ವಾ ಎಂದೇ ಬಿಟ್ಟಳು. ಅವರ ಹಿಂದೆ ಟೋಪಿಯ ಒಬ್ಬ ಗಂಡಸೂ ತಿರುಗಿದ್ದ. ಅವನು ಯಾರೋ ಏನೋ. ರೊಟ್ಟಿಗೆ ಬಂದ ಪಾಪದವನೇ ಇರಬಹುದು. ನಿಯೆವೆಸ್ ರೊಟ್ಟಿ ತೆಗೆದುಕೊಳ್ಳದೆ ಮನೆಗೆ ಬಂದಳು. ಅಂದಿನಿಂದ ಮನೆಯ ಹೊರಗೆ ಮಾತು ನಿಲ್ಲಿಸಿದಳು. ಏನು ಬೇಕಾದರೂ ಬೆರಳು ತೋರಿಸುವುದು, ಇಲ್ಲ ಫೆರ್ಮಿನ್‌ಗೆ ಹೇಳುವುದು. ಅವಳಿಗೆ ಗಂಟಲಿನ ಆಪರೇಷನ್ ಆಗಿದೆ ಎಂದು ಅವನು ಕೇರಿಯಲ್ಲಿ ಸುದ್ದಿ ಹಬ್ಬಿಸಿದ. ಜನ ಮರುಗಿದರು, ಸೂಪು ತಂದುಕೊಟ್ಟರು. ಅವಳು ಎದೆಯ ಮೇಲೆ ಕೈಯಿಟ್ಟು ಕೃತಜ್ಞತೆ ತೋರಿಸಿದಳು. ಚರ್ಚಿನಲ್ಲಿ ಎಲ್ಲರೂ ಪ್ರಾರ್ಥನೆ ಹೇಳುವಾಗ ಬಾಯಿ ಮಾತ್ರ ಆಡಿಸುತ್ತಿದ್ದಳು. ಮನೆಯಲ್ಲೂ ಕಿಟಕಿ ಮುಚ್ಚಿಕೊಂಡೇ ಮಾತು. ಕ್ರಮೇಣ ಅದೂ ಕಡಿಮೆಯಾಯಿತು. ಒಂದು ದಿನ ಫೆರ್ಮಿನ್ ಊಟದ ಮುಂದೆ ಕೂತು, ‘ಒಂದು ಸಲ ಬೈಯೇ, ಮನೆ ಬಿಕೋ ಅನ್ನುತ್ತೆ’ ಎಂದ. ಅವಳಿಗೆ ಬೈಯಲು ಏನೂ ಹೊಳೆಯಲಿಲ್ಲ.

ಎರಡು ವರ್ಷವಾದ ಮೇಲೆ ಊರು ನಿಧಾನಕ್ಕೆ ತಣ್ಣಗಾಯಿತು. ಒಂದು ಗುಂಪು ಗೆದ್ದಿತೋ, ಎರಡೂ ಸುಸ್ತಾದವೋ, ಹೇಳುವವರಿಲ್ಲ. ನಿಯೆವೆಸ್ ಧೈರ್ಯ ಮಾಡಿ ಇವೋನ್‌ಗೆ ಫೋನ್ ಮಾಡಿದಳು. ನನಗೂ ವಯಸ್ಸಾಯಿತು, ಹೊಸಬಳನ್ನು ತಂದು ಮೂರನೇ ಅಮಾಂಡಾ ಮಾಡಿ, ನನ್ನ ದನಿ ನನಗೆ ಬಿಡಿ, ಪೇಟೆಯಲ್ಲಿ ತರಕಾರಿ ಕೊಳ್ಳುವುದಕ್ಕಾದರೂ ಬೇಕು ಎಂದಳು. ಇವೋನ್ ಮನಸ್ಸಿಟ್ಟು ಕೇಳಿಸಿಕೊಂಡಳು. ಆಮೇಲೆ, ಬೇಸರದಿಂದಲೇ ಹೇಳಿದಳು: ಕಳೆದ ತಿಂಗಳು ಮತ್ತೆ ಹೆಂಗಸರನ್ನು ಕೂರಿಸಿ ಪರೀಕ್ಷೆ ಮಾಡಿದೆವು. ಹಾಡುಗಳಲ್ಲಿ ಅರ್ಧಕ್ಕರ್ಧ ಎಡಕ್ಕೆ ಹೋದವು. ನಿಮ್ಮ ದನಿ ಬಂದಾಗ ಒಂದು ಗುಂಡಿಯೂ ಎಡಕ್ಕೆ ತಿರುಗಲಿಲ್ಲ.

‘ಈಗ ರೊಸಾಲ್ ಅಂದ್ರೆ ಹಾಡಲ್ಲ, ನೀವೇ’ ಅಂದಳು. ‘ನಿಮ್ಮನ್ನ ತೆಗೆದ್ರೆ ಏನು ಉಳಿಯುತ್ತೆ ಹೇಳಿ.’

ಆ ವಾರವೇ ನಿಯೆವೆಸ್ ಗಣಿಗಾರರ ಬೀದಿಗೆ ಹೋದಳು. ಯಾಕೆ ಹೋದಳೆಂದು ಅವಳಿಗೂ ಸ್ಪಷ್ಟವಿರಲಿಲ್ಲ; ಕೂದಲು ಬೆಳೆದಿತ್ತು ಎಂಬುದೂ ಸುಳ್ಳಲ್ಲ. ಸಲೂನಿನ ಗೋಡೆಯಲ್ಲಿ ಗುಂಡು ಬಿದ್ದ ತೂತುಗಳನ್ನು ಗಾರೆ ಮೆತ್ತಿ ಮುಚ್ಚಿದ್ದರು, ಮೇಲೆ ಬಳಿದ ಗುಲಾಬಿ ಬಣ್ಣ ಹಳೆಯ ಬಣ್ಣಕ್ಕೆ ಹೊಂದಿರಲಿಲ್ಲ. ಒಳಗೆ ಇಬ್ಬರು ಗಿರಾಕಿಗಳು ಪತ್ರಿಕೆ ತಿರುವುತ್ತಿದ್ದರು. ಫೀನಾ ಅವಳು ಊಹಿಸಿದ್ದಕ್ಕಿಂತ ಕುಳ್ಳಿ. ಬಾಚಣಿಗೆಯನ್ನು ತನ್ನದೇ ಜಡೆಗೆ ಸಿಕ್ಕಿಸಿಕೊಂಡಿದ್ದಳು. ನಿಯೆವೆಸ್ ಗಂಟಲು ಮುಟ್ಟಿ ತೋರಿಸಿ, ಕೂದಲ ಉದ್ದವನ್ನು ಬೆರಳಲ್ಲಿ ಅಳೆದು ತೋರಿಸಿದಳು. ಅರ್ಥವಾಯಿತೆಂದು ಫೀನಾ ಅವಳನ್ನು ಕನ್ನಡಿಯ ಮುಂದೆ ಕೂರಿಸಿ ಬಟ್ಟೆ ಹೊದಿಸಿದಳು.

ಕಪಾಟಿನ ಮೇಲಿನ ರೇಡಿಯೋದಿಂದ ಅಮಾಂಡಾ ಬಂದಳು. ಎಂಥ ಚಂದದ ಮಧ್ಯಾಹ್ನ ಎಂದಳು.

‘ಇವಳು ಅವಳಲ್ಲ’ ಅಂದಳು ಫೀನಾ, ಕತ್ತರಿ ಆಡಿಸುತ್ತ, ಮಾತಾಡಲಾಗದ ಗಿರಾಕಿಗೆ ತಾನೇ ಎಲ್ಲ ಮಾತೂ ಆಡಬೇಕೆಂಬಂತೆ. ‘ದನಿ ಅದೇ. ಆದ್ರೆ ನಾನು ಫೋನ್ ಮಾಡಿದ್ರೆ ಎತ್ತಲ್ಲ. ಎರಡು ವರ್ಷ ಮಾಡಿದೀನಿ, ಒಂದು ಥ್ಯಾಂಕ್ಸ್ ಹೇಳೋಣ ಅಂತ. ಅವ್ಳನ್ನ ಏನೋ ಮಾಡ್ಬಿಟ್ರು ಅಂತ ನನ್ನ ಅನುಮಾನ. ಸತ್ತೋರ ದನೀನೂ ಹಾಕ್ತಾರಂತಲ್ಲ.’

ಕತ್ತರಿ ಕಿವಿಯ ಹತ್ತಿರ ಬಂದಿತ್ತು. ನಿಯೆವೆಸ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ತುಟಿ ನಗುತ್ತಿರಲಿಲ್ಲ.

‘ಸತ್ತಿಲ್ಲ, ದೋನ್ಯಾ ಫೀನಾ’ ಅಂದಳು.

ಬಹಳ ದಿನ ಬಳಸದ ದನಿ ಒಡೆದು, ಒರಟಾಗಿ ಬಂತು, ಆದರೂ ಅದೇ ದನಿ. ಕತ್ತರಿ ನಿಂತಿತು. ಪತ್ರಿಕೆ ತಿರುವುತ್ತಿದ್ದ ಒಬ್ಬಳು ತಲೆಯೆತ್ತಿ ಮೊದಲು ರೇಡಿಯೋ ಕಡೆ, ಆಮೇಲೆ ಕನ್ನಡಿಯ ಕಡೆ ನೋಡಿದಳು. ಫೀನಾ ಏನೂ ಆಗದವಳಂತೆ ಕಪಾಟಿನ ಬಳಿ ಹೋಗಿ ರೇಡಿಯೋದ ಶಬ್ದವನ್ನು ಪೂರ್ತಿ ಏರಿಸಿದಳು. ಹಾಡು ಸಲೂನಿನ ತುಂಬ ತುಂಬಿತು. ಗಿರಾಕಿ ಮತ್ತೆ ಪತ್ರಿಕೆಗೆ ತಲೆ ಬಗ್ಗಿಸಿದಳು. ಫೀನಾ ಹಿಂದಿರುಗಿ ಬಂದು ಎರಡೂ ಕೈಯನ್ನು ನಿಯೆವೆಸ್‌ಳ ಭುಜದ ಮೇಲಿಟ್ಟಳು. ಆಮೇಲೆ ಕಿವಿಯ ಹತ್ತಿರ ಬಗ್ಗಿದಳು.

‘ಇವಳನ್ನ ಆರಿಸಿದ್ರೆ ನಿನ್ನ ದನಿ ಹೊರಗಡೆ ಕೇಳುತ್ತೆ ಮಗಳೇ. ಇರ್ಲಿ, ಅವಳು ಮಾತಾಡ್ತಿರ್ಲಿ. ನೀನು ಮೆಲ್ಲಗೆ ಹೇಳು, ನಂಗೆ ಕೇಳ್ಸುತ್ತೆ.’

ನಿಯೆವೆಸ್ ಹೇಳತೊಡಗಿದಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ತನ್ನ ಹೆಸರಿನಿಂದ ಶುರು ಮಾಡಿದಳು. ಹಾಡು ಮುಗಿಯುವ ಹೊತ್ತಿಗೆ ನಿಲ್ಲಿಸಿದಳು, ಮುಂದಿನದು ಶುರುವಾದ ಮೇಲೆ ಮುಂದುವರಿಸಿದಳು. ಫೀನಾ ಅವಳ ಕೂದಲನ್ನು ಬೇಕೆಂದೇ ನಿಧಾನವಾಗಿ, ಒಂದೊಂದೇ ಎಳೆಯಾಗಿ ಕತ್ತರಿಸಿದಳು.